ಸ್ಮಿತಾಳ ಪಾಠ ಕಲಿತ ಯಂತ್ರ

ಯಲಹಂಕದ ನಮ್ಮ ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ ನನ್ನ ಪಕ್ಕದ ಕುರ್ಚಿ ಸ್ಮಿತಾಳದು. ಗದಗದ ಕಡೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಫೋನಿನಲ್ಲಿ ಉತ್ತರ ಹೇಳುವ ಯಂತ್ರಕ್ಕೆ ಪಾಠ ಹೇಳುವುದೇ ಅವಳ ಕೆಲಸ. ಹಳೆಯ ದೂರುಗಳೂ ಅವು ಬಗೆಹರಿದ ಬಗೆಯೂ ಅದಕ್ಕೆ ಗೊತ್ತಿರಬೇಕು. ಹೊಸ ದೂರು ಬಂದರೆ ಅಂಥದ್ದೇ ಹಳೆಯದನ್ನು ಹುಡುಕಿ ಉತ್ತರ ಕೊಡುತ್ತದೆ.

ಆಯುಧಪೂಜೆಯೆಂದರೆ ನಮ್ಮ ಜನಕ್ಕೆ ಲಿಫ್ಟಿಗೂ ಪೂಜೆಯಾಗಬೇಕು. ಬಾಗಿಲ ಮುಂದೆಯೇ ಬೂದುಗುಂಬಳ ಒಡೆಯುತ್ತಾರೆ, ಅದರೊಳಗಿಟ್ಟ ನಾಣ್ಯ ಹಾರಿ ಬಾಗಿಲು ಜಾರುವ ಸಂದಿಗೆ ಬೀಳುತ್ತದೆ. ಸ್ಮಿತಾ ಕಲಿಸಿದ್ದೂ ಅದನ್ನೇ: ಹಬ್ಬದ ದಿನ ಬಾಗಿಲು ಸಿಕ್ಕಿಕೊಂಡರೆ ನಾಣ್ಯ ತೆಗೆಸಿ, ಮೆಕ್ಯಾನಿಕ್ ಬೇಡ. ‘ಇಲ್ಲ’ ಅನ್ನುವವರು ಗಾಬರಿಯಲ್ಲಿ ಅನ್ನುತ್ತಾರೆ, ಇನ್ನೊಮ್ಮೆ ಹೇಳಿ.

ಈ ಸಲ ಹಬ್ಬದ ದಿನ, ಅಲ್ಲಾಳಸಂದ್ರದ ಸ್ಮಿತಾಳ ಹೊಸ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಇಂದು ಎಂಬ ಅವಳ ಪುಟ್ಟ ಮಗಳು ಲಿಫ್ಟಿನಿಂದ ಹಾರಿ ಇಳಿದಳು. ಸ್ಮಿತಾ ಒಳಗೆ ಚೀಲ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಅಕ್ಕಪಕ್ಕದವರೆಲ್ಲ ಊರಿಗೆ ಹೋಗಿದ್ದರು. ಕೂಸಿನ ಪಕ್ಕದಲ್ಲೇ ಬಿಲ್ಡರ್ ಮಹಾಶಯ ಇನ್ನೂ ಕಂಬಿ ಹಾಕಿಸದ ಮೆಟ್ಟಿಲು.

ಸ್ಮಿತಾ ನಮ್ಮ ಕಂಪನಿಗೇ ಫೋನ್ ಮಾಡಿದಳು.

“ಗಾಬರಿ ಆಗ್ಬೇಡಿ,” ಎಂದಿತು ಯಂತ್ರ. “ಹಬ್ಬ ಅಲ್ವಾ, ನಾಣ್ಯ ಸಿಕ್ಕಿರುತ್ತೆ. ವಾಚ್‌ಮನ್‌ಗೆ ಹೇಳಿ.”

“ಇಲ್ಲಿ ಕುಂಬಳಕಾಯಿ ಒಡದೇ ಇಲ್ರೀ! ವಾಚ್‌ಮನ್ನೂ ಇಲ್ಲ. ನನ್ನ ಕೂಸು ಹೊರಗೈತಿ!”

“ಗಾಬರಿ ಆಗ್ಬೇಡಿ. ನಾಣ್ಯ ಸಿಕ್ಕಿರುತ್ತೆ.”

ಹೊರಗಿನಿಂದ ಇಂದು ಕೂಗಿದಳು, “ಅವ್ವಾ, ನಾ ಕೆಳಗ ಹೋಗ್ಲಾ?”

“ಬ್ಯಾಡವ್ವಾ! ಅಲ್ಲೇ ಕುಂದ್ರು!”

ಅಯ್ಯೋ, ಆ ಸಂಕಟ ಯಾವ ಶತ್ರುವಿಗೂ ಬೇಡ. ಯಂತ್ರಕ್ಕೆ ಏನೇನು ಗೊತ್ತೆಂದು ಅವಳಿಗೆ ಗೊತ್ತಿತ್ತಲ್ಲ, ಕೊನೆಗೆ ಕಿರುಚಿದಳು: “ಹೊಗಿ! ಒಳಗ ಹೊಗಿ ತುಂಬೇತಿ!” ಹೊಗೆಗೆ ಬೇರೆ ಪಾಠವಿತ್ತು: ಕೂಡಲೇ ಮೆಕ್ಯಾನಿಕ್ ಕಳಿಸಿ. ಮೆಕ್ಯಾನಿಕ್ ಅಶ್ವತ್ಥ್ ಬೈಕಿನಲ್ಲಿ ಓಡಿಬಂದು ಬಾಗಿಲು ಬಿಡಿಸಿದ. ಇಂದು ಮೆಟ್ಟಿಲ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

ರಜೆ ಮುಗಿದ ಮೇಲೆ ಆ ಕರೆ ಸ್ಮಿತಾಳ ಪರದೆಗೇ ಬಂತು. ಹೊಗೆ ನಿಜವೋ ಸುಳ್ಳೋ ಅವಳೇ ಹೇಳಬೇಕು, ಯಂತ್ರ ಕಲಿಯಬೇಕಲ್ಲ.

“ಸುಳ್ಳು ಅಂತ ಒತ್ತಿದ್ರ, ನಾಳೆ ಖರೇನ ಹೊಗ್ಯಾಗ ಸಿಕ್ಕೊಂಡಾಕಿನ್ನ ಇದು ನಂಬಂಗಿಲ್ಲ,” ಎಂದಳು. “ಏನ್ ಮಾಡ್ಲಿ, ನಾಗಲಕ್ಷ್ಮಕ್ಕಾ?”

ನನಗೆ ಮೈ ಉರಿಯುತ್ತಿತ್ತು. “ನಿಜ ಅಂತ ಒತ್ತು ಕಣೇ, ಹಾಳಾಗ್ ಹೋಗ್ಲಿ!”

ಒತ್ತಿದಳು. ಹೊಗೆ ಇರಲೇ ಇಲ್ಲವೆಂದು ಅಶ್ವತ್ಥನೂ ಬಾಯಿ ಬಿಡಲಿಲ್ಲ. ಸಂಜೆ ಮ್ಯಾನೇಜರು ಎಲ್ಲರನ್ನೂ ಸೇರಿಸಿ, ತಾಯೊಬ್ಬಳನ್ನು ಹೊಗೆಯಿಂದ ಉಳಿಸಿತು ನಮ್ಮ ಯಂತ್ರ ಎಂದು ಮೈಸೂರುಪಾಕು ಹಂಚಿದರು. ಎಲ್ಲರ ಜೊತೆ ಸ್ಮಿತಾಳೂ ಚಪ್ಪಾಳೆ ತಟ್ಟಬೇಕಾಯಿತು.