ಸತ್ತವಳಿಗೆ ನಾನು ಹಾಕಿಕೊಟ್ಟ ಪಣಿಯಾರದಂಗಡಿ

ನಮ್ಮ ಮಾವನವರಿಗೆ ಎರಡು ಚಟ, ನಶ್ಯ ಮತ್ತು ಪೇಪರು. ನಶ್ಯವನ್ನು ತಾವೇ ಏರಿಸಿಕೊಳ್ಳುತ್ತಿದ್ದರು. ಪೇಪರು ಏರಿಸಲು ನಾನು ಬೇಕಿತ್ತು. ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ತಮಿಳು ಅಕ್ಷರ ಬಲ್ಲ ಸೊಸೆ ನಾನೊಬ್ಬಳೇ. ತವರಿನಲ್ಲಿ ಐದನೇ ಕ್ಲಾಸು ಮುಗಿಸಿ ಬಂದವಳು. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ಅದನ್ನು ಕಾಲು ಕುಂಟು ಎನ್ನುವ ಹಾಗೆ ನೆಂಟರಿಂದ ಮುಚ್ಚಿಟ್ಟಿದ್ದರು. ಬೀದಿಗೆ ಪೇಪರು ಬರತೊಡಗಿದ ಮೇಲೆ ಆ ಕುಂಟಿಗೇ ಬೆಲೆ ಬಂತು.

ನಮ್ಮ ಪಡಸಾಲೆಯಲ್ಲಿ ಆರು ಮಗ್ಗ. ಬೆಳಗಿನ ಗಂಜಿಯಾದ ಮೇಲೆ ನಾನು ಹೊಸ್ತಿಲ ಮೇಲೆ ಕೂತು ಪೇಪರು ಬಿಚ್ಚುತ್ತಿದ್ದೆ, ಅವರು ಲಾಳಿ ಎಸೆಯುತ್ತಾ ಕೇಳುತ್ತಿದ್ದರು. ತಮಿಳು ಅವರೆಲ್ಲರಿಗೂ ಬರುತ್ತಿತ್ತು, ಸಂತೆಯಲ್ಲಿ ಜಗಳವಾಡುವಷ್ಟು ಚೆನ್ನಾಗಿಯೇ ಬರುತ್ತಿತ್ತು. ಆದರೆ ಪೇಪರಿನ ಆ ಗಂಜಿ ಹಾಕಿದ ತಮಿಳು ಯಾರ ತಲೆಗೂ ಹತ್ತುತ್ತಿರಲಿಲ್ಲ. ಹಾಗಾಗಿ ನಾನು ಒಂದೊಂದು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ನಮ್ಮ ಮನೆಯ ಕನ್ನಡದಲ್ಲಿ ಹೇಳುತ್ತಿದ್ದೆ. ನಾನು ಹೇಳಿದ್ದೇ ಪೇಪರು, ಕೇಳುವವರು ಯಾರಿದ್ದಾರೆ? ಯಾವನೋ ದೊರೆಯ ಔತಣದ ಪಟ್ಟಿಗೆ ನಾನೇ ಎರಡು ಪಲ್ಯ ಸೇರಿಸಿದ್ದೂ ಉಂಟು. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಎದುರುಮನೆಯ ಹುಡುಗಿಯೊಬ್ಬಳು ನಮ್ಮಲ್ಲಿ ರಾಟೆಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿಕೊಡುತ್ತಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಅಣೆಕಟ್ಟಿನ ಕೆಲಸಕ್ಕೆಂದು ಮೆಟ್ಟೂರಿಗೆ ಹೋದ ಗಂಡ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳು ತವರಿಗೆ ಬಂದು ಆರು ತಿಂಗಳಾಗಿತ್ತು. ಮಾತು ಮೊದಲೇ ಕಡಿಮೆ, ಈಗ ಊಟವೂ ಕಡಿಮೆ.

ಒಂದು ದಿನ ಪೇಪರಿನ ಮೊದಲ ಪುಟದಲ್ಲೇ ದಪ್ಪಕ್ಷರದ ಸುದ್ದಿ. ಯಾವುದೋ ಊರಿನಲ್ಲಿ ಗಂಡ ಬಿಟ್ಟ ಹೆಣ್ಣೊಬ್ಬಳು ಪ್ರಾಣ ಕಳೆದುಕೊಂಡಿದ್ದಳು. ಹೇಗೆ ಅನ್ನುವುದನ್ನು ಆ ಸುದ್ದಿಗಾರ ಮಹಾನುಭಾವ ಅಡುಗೆ ಕಲಿಸುವವನ ಹಾಗೆ ಬಿಡಿಸಿ ಬಿಡಿಸಿ ಬರೆದಿದ್ದ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅಂದು ಓದಿದ್ದೇ ತಪ್ಪು. ಅವಳು ದೇವತೆಯಂತೆ, ಊರಿಗೆ ಊರೇ ನೆರೆಯಿತಂತೆ, ಗಂಡ ಓಡಿಬಂದು ಎದೆ ಬಡಿದುಕೊಂಡು ಅತ್ತನಂತೆ. ನಾನೂ ರಾಗ ಎಳೆದೆ. ಮಗ್ಗಗಳು ನಿಂತವು, ಮಾವನವರು ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡರು. ನನ್ನ ಓದಿಗೆ ಅಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ; ನಾಚಿಕೆಗೆಟ್ಟವಳು, ಹಿಗ್ಗಿದೆ.

ಆಗ ರಾಟೆಯ ಕಡೆಯಿಂದ ಆ ಹುಡುಗಿ ಕೇಳಿದಳು.

"ಗಂಡ ನಿಜವಾಗ್ಲೂ ಅತ್ತನಂತಾ ಅಕ್ಕಾ?"

ಉರುಳಾಡಿ ಅತ್ತನಂತೆ ಅಂದೆ. ಮಧ್ಯಾಹ್ನ ಅವಳು ಆ ಹಾಳೆಯನ್ನು ಕೇಳಿ ಇಸಿದುಕೊಂಡಳು. ಒಂದಕ್ಷರ ಬಾರದವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ರಾತ್ರಿ ನಾನು ಎರಡು ಸಲ ಎದ್ದು ಅವಳ ಮನೆಯ ಕದ ನೋಡಿದೆ.

ಮರುದಿನದ ಪೇಪರಿನಲ್ಲಿ ಅದೇ ಸುದ್ದಿ, ಇನ್ನೂ ದಪ್ಪಗೆ. ಪಕ್ಕದಲ್ಲೇ ಇನ್ನೊಂದು ಊರಿನ ಇನ್ನೊಬ್ಬಳದು, ಮೊದಲನೆಯವಳ ದಾರಿಯನ್ನೇ ಹಿಡಿದವಳದು. ತಲೆಯೆತ್ತಿದರೆ ಹುಡುಗಿ ರಾಟೆ ಬಿಟ್ಟು ನನ್ನ ಕಾಲ ಬುಡದಲ್ಲೇ ಬಂದು ಕೂತಿದ್ದಾಳೆ. ನನಗೆ ಏನು ತೋಚಿತೋ, ಗಂಟಲು ಸರಿಮಾಡಿಕೊಂಡು ಓದಿಯೇಬಿಟ್ಟೆ: ನಿನ್ನೆಯ ಸುದ್ದಿ ತಪ್ಪು, ಆಕೆ ಸತ್ತಿಲ್ಲ, ಚಿಕ್ಕಮ್ಮನ ಮನೆಗೆ ಹೋಗಿದ್ದಳು, ಗಾಬರಿ ಮಾಡಿದ್ದಕ್ಕೆ ಕ್ಷಮಿಸಿ. ಪೇಪರಿನವರೂ ತಪ್ಪುತ್ತಾರೆಯೇ ಎಂದು ಮಾವನವರು ಹುಬ್ಬೇರಿಸಿದರು. ಅವರೂ ಗಂಡಸರೇ ತಾನೆ ಅಂದೆ.

ಒಂದು ಸುಳ್ಳಿನಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಬೆಳಗಾದರೆ ಆರು ಮಗ್ಗದವರೂ ಅವಳೇನಾದಳು, ಅವಳೇನಾದಳು ಎಂದು ಪೀಡಿಸಿದರು. ಸರಿ, ಅವಳನ್ನು ಕಂಬೈನಲ್ಲೂರಿಗೆ ಕಳಿಸಿದೆ. ನಮ್ಮ ಬೀದಿಯವರು ಯಾರೂ ಆ ಊರಿನ ಕಡೆ ತಲೆ ಹಾಕಿ ಮಲಗಿದವರಲ್ಲ ಎಂಬ ಧೈರ್ಯ. ಅಲ್ಲಿ ಸಂತೆಬೀದಿಯಲ್ಲಿ ಗುಳಿಯಪ್ಪದ ಕಾವಲಿ ಕೊಟ್ಟು ಒಂದು ಪಣಿಯಾರದಂಗಡಿ ಹಾಕಿಕೊಟ್ಟೆ. ಮೂರನೇ ದಿನ ಗಂಡ ಬಂದು ಕರೆದ, ಅವಳು ಸರದಿಯಲ್ಲಿ ನಿಲ್ಲು ಅಂದಳು. ನಾಲ್ಕನೇ ದಿನ ಖಾರದ ಪಣಿಯಾರ ಶುರುವಾಯಿತು. ಮಗ್ಗದವರಲ್ಲಿ ಖಾರದ ಪಕ್ಷ, ಬೆಲ್ಲದ ಪಕ್ಷ ಎಂದು ಎರಡಾಗಿ ಮಾತೇ ಬಿಟ್ಟರು. ಹುಡುಗಿ ಮಾತ್ರ ಯಾವ ಪಕ್ಷವನ್ನೂ ಸೇರದೆ ದಿನವೂ ಮೊದಲು ಬಂದು ಕೂರುತ್ತಿದ್ದಳು. ಅವಳು ಬಂದಳೆಂದರೆ ನನಗೆ ಆ ದಿನದ ಉಸಿರು ಬರುತ್ತಿತ್ತು. ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಿಯೇಬಿಡೋಣ ಅನಿಸುತ್ತಿತ್ತು. ಆದರೆ ಸಾವಿನ ಮಾತೆತ್ತಿದರೆ ಇಲ್ಲದ ದೆವ್ವವನ್ನು ಕರೆದ ಹಾಗೆ ಎಂದು ನಮ್ಮತ್ತೆ ಹೆದರಿಸಿದ್ದರು.

ಹತ್ತು ದಿನ ಹೀಗೇ ಎಳೆದೆ. ನನ್ನ ಗ್ರಹಚಾರ ನೋಡಿ, ಹುಟ್ಟಿದಂದಿನಿಂದ ಒಂದು ಕಾಗದವೂ ಬಾರದ ಕಂಬೈನಲ್ಲೂರಿನಿಂದ ಮಾವನವರಿಗೆ ಮದುವೆಯ ಕರೆಯೋಲೆ ಬಂತು. ಬೇಸಿಗೆ, ದೂರ, ಬಸ್ಸಿನಲ್ಲಿ ವಾಂತಿ ಎಂದು ಏನೆಲ್ಲ ಹೇಳಿದೆ. ಅವರು ಖಾರದ ಪಕ್ಷದಿಂದ ಇಬ್ಬರನ್ನು, ಬೆಲ್ಲದ ಪಕ್ಷದಿಂದ ಇಬ್ಬರನ್ನು ಕಟ್ಟಿಕೊಂಡು ಹೊರಟೇಬಿಟ್ಟರು. ಮದುವೆ ನೆಪಕ್ಕೆ.

ಎರಡು ದಿನ ಬಿಟ್ಟು ಬಂದಾಗ ಮಾವನವರ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊದಿದ ಬೋರೆ. ಸಂತೆಬೀದಿಯಲ್ಲಿ ಪಣಿಯಾರ ಹಾಕುತ್ತಿದ್ದ ಹೆಂಗಸಿನ ಮುಂದೆ ಐವರೂ ಕೈಮುಗಿದು ನಿಂತು, ಸತ್ತು ಬದುಕಿದ ತಾಯಿ ನೀನೇನಾ, ನಿನ್ನ ಗಂಡ ಇನ್ನೂ ಸರದಿಯಲ್ಲೇ ಇದ್ದಾನಾ ಎಂದು ವಿನಯವಾಗಿ ಕೇಳಿದ್ದಾರೆ. ಆಕೆಯ ಗಂಡ ಅಲ್ಲೇ ಹಿಟ್ಟು ರುಬ್ಬುತ್ತಿದ್ದನಂತೆ. ಆಕೆ ಸೌಟು ಎತ್ತಿಕೊಂಡಳು. ಬರುವಾಗ ಬಸ್ಸಿನಲ್ಲಿ ಪೇಪರು ಬಲ್ಲ ಯಾರನ್ನೋ ಕೇಳಿದಾಗ ಪೂರಾ ನಿಜ ತಿಳಿದಿದೆ.

ಪಡಸಾಲೆಯಲ್ಲಿ ಎಲ್ಲರ ಮುಂದೆ ನನ್ನ ವಿಚಾರಣೆ ನಡೆಯಿತು. ಬೋರೆಯ ಮೇಲೆ ಅರಿಶಿನ ಹಚ್ಚಿಸಿಕೊಳ್ಳುತ್ತಲೇ ಮಾವನವರು ಬೈದರು. ಅವಳು ಮೊದಲ ದಿನವೇ ಸತ್ತವಳು, ನೀನು ಅವಳ ಕೈಯಲ್ಲಿ ಪಣಿಯಾರ ಹಾಕಿಸಿದ್ದೀಯಲ್ಲ, ನಾಲ್ಕು ಜನರೆದುರು ನನಗೆ ಸೌಟಿನ ಏಟು ಹಾಕಿಸಿದೆಯಲ್ಲ ಅಂದರು. ನಾನು ತಲೆ ತಗ್ಗಿಸಿ ನಗು ತಡೆದುಕೊಂಡಿದ್ದೆ. ತಲೆಯೆತ್ತಿದಾಗ ರಾಟೆಯ ಮುಂದೆ ಯಾರೂ ಇರಲಿಲ್ಲ.

ಮಾವನವರ ಬೈಗುಳವನ್ನು ಅರ್ಧಕ್ಕೆ ಬಿಟ್ಟು ಓಡಿದೆ. ಸೆರಗು ಎಲ್ಲಿತ್ತೋ ದೇವರಿಗೇ ಗೊತ್ತು. ಅವಳು ತನ್ನ ಮನೆಯ ಹಿತ್ತಲಲ್ಲಿ ಬಣ್ಣದ ನೂಲು ಒಣಗಲು ಹಾಕಿದ ಬಿದಿರು ಗಳುವಿನ ಕೆಳಗೆ ಕೂತಿದ್ದಳು. ಮಡಿಲಲ್ಲಿ ಆ ಹಾಳೆ. ಇನ್ನು ದೆವ್ವ ಬಂದರೆ ಬರಲಿ ಎಂದು ಪಕ್ಕದಲ್ಲೇ ಕೂತು ನೇರವಾಗಿ ಕೇಳಿದೆ.

"ಸಾಯಾನ ಅಂತ ಅನ್ನಿಸ್ತೈತಾ ನಿಂಗೆ?"

ಅವಳು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟಳು.

"ದಿನಾ ಅನ್ನಿಸ್ತೈತೆ ಅಕ್ಕಾ. ಯಾರೂ ಕೇಳಲಿಲ್ಲ."

ಯಾವ ದೆವ್ವವೂ ಬರಲಿಲ್ಲ. ಅವಳು ಆರು ತಿಂಗಳಲ್ಲಿ ಆಡದಷ್ಟು ಮಾತನ್ನು ಅಂದು ಹಿತ್ತಲಲ್ಲಿ ಆಡಿದಳು, ನಾನು ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಕೇಳಿದೆ. ಆಮೇಲೆ ಅವಳನ್ನು ಕೇಳಿಯೇ ಅವಳ ತಾಯಿಗೂ ಮಾವನವರಿಗೂ ಹೇಳಿದೆ. ಅವಳ ಸೋದರತ್ತೆ ಕಡಯಂಪಟ್ಟಿಯಿಂದ ಬಂದು ಮೂರು ತಿಂಗಳು ಅವಳ ಜೊತೆಗೇ ಇದ್ದಳು; ಗಲಾಟೆಯ ಹೆಂಗಸು, ಒಂಟಿಯಾಗಿ ಕೂರಲು ಯಾರನ್ನೂ ಬಿಡುವವಳಲ್ಲ.

ಮಾವನವರು ಒಂದು ದಿನ ಪೂರಾ ನಶ್ಯ ಮುಟ್ಟಲಿಲ್ಲ. ಮರುದಿನ ನನ್ನಿಂದ ಪೇಪರಿನವರಿಗೆ ಕಾರ್ಡು ಬರೆಸಿದರು. ಅವರು ಹೇಳಿದ ಬೈಗುಳವೆಲ್ಲ ಕಾರ್ಡಿನಲ್ಲಿ ಹಿಡಿಸದೆ, ನಿಮ್ಮ ಪೇಪರನ್ನು ನಮ್ಮ ಮನೆಯಲ್ಲಿ ಒಬ್ಬ ಮಗಳೂ ಕೇಳುತ್ತಾಳೆ, ನೋಡಿ ಬರೆಯಿರಿ ಎಂದಷ್ಟೇ ಬರೆದೆ. ಉತ್ತರ ಬರಲಿಲ್ಲ. ಆಮೇಲೆ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಮಗ್ಗದವರೆಲ್ಲರಿಗೂ ಕೇಳುವಂತೆ ಹೇಳಿದರು.

"ಸತ್ರು ಅಂದ್ರೆ ಸತ್ರು ಅನ್ನು, ಪಾವಂ, ಪಾಪ ಅನ್ನು. ಎಂಗೆ ಅನ್ನೋದು ಯಾರ್ಗೂ ಬ್ಯಾಡ. ಗಂಡ ಅತ್ತಿದ್ದೂ ಬ್ಯಾಡ."

ಸ್ವಲ್ಪ ತಡೆದು, ಪೇಪರು ಮುಗಿದ ಮೇಲೆ ಆ ಪಣಿಯಾರದವಳದೂ ಇಷ್ಟು ಹೇಳು ಅಂದರು. ಸುಳ್ಳೆಂದು ಗೊತ್ತಿದ್ದೂ ಎರಡು ಪಕ್ಷದವರೂ ತಲೆಯಾಡಿಸಿದರು. ಹೇಳಿದೆ, ಏನು ಮಾಡಲಿ?

ಮುಂದಿನ ದೀಪಾವಳಿಯ ಹೊತ್ತಿಗೆ ಹುಡುಗಿ ರಾಟೆ ಬಿಟ್ಟು ತಾನೇ ಮಗ್ಗಕ್ಕಿಳಿದಿದ್ದಳು, ಊಟವೂ ನೆಟ್ಟಗಾಗಿತ್ತು. ಒಂದು ಮಧ್ಯಾಹ್ನ ಇಬ್ಬರೇ ಕೂತು ಕಡಲೆಕಾಯಿ ಸುಲಿಯುವಾಗ, ಅಂದು ನಿನಗೆ ಹತ್ತು ದಿನ ಮೋಸ ಮಾಡಿದೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ ಅಂದೆ.

"ಸುಳ್ಳು ಅಂತ ನಂಗೆ ಮೂರನೇ ದಿನಾನೇ ಗೊತ್ತಾತು," ಅಂದಳು. "ಗಂಡ ಬಿಟ್ಟೋಳನ್ನ ಯಾವ ಊರಾಗೆ ಅಂಗೆ ನೋಡ್ಕೋತಾರೆ? ಆದ್ರೂ ನಾಳೆ ಏನ್ ಏಳ್ತೀಯೋ ಕೇಳ್ಬುಟ್ಟು ಆಮೇಲೆ ನೋಡಾನ ಅಂತ ಒಂದು ದಿನ ಇದ್ದೆ. ಆಮೇಲೆ ಇನ್ನೊಂದು ದಿನ."

ನನ್ನ ಕೈಯಲ್ಲಿದ್ದ ಕಾಯಿ ಸುಲಿಯಲಾಗಲಿಲ್ಲ. ಅವಳು ಅದನ್ನು ಇಸಿದುಕೊಂಡು ತಾನೇ ಸುಲಿದು, ಕಾಳನ್ನು ನನ್ನ ಬಾಯಿಗೆ ಹಾಕಿದಳು.