ದೋಣಿಯ ಪಂಪಿನ ಸ್ವಿಚ್ಚು

ಭಾವ, ಆ ದೋಣಿ ಮುಳುಗಿದ್ದು ನಿಮ್ಮ ಮರೆವಿನಿಂದಲ್ಲ, ನನ್ನಿಂದ. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗಲೂ ನೀವು ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ನನ್ನದೇ ಅಂಗಡಿಯ ಮುಂದೆ, ಯಾರದೋ ಕಾರಿನ ಬಾಗಿಲಿನಿಂದ ಹಳೆಯ ಸ್ಪೀಕರ್ ಬಿಚ್ಚುತ್ತಿದ್ದೀರಿ. ನಾನು ಕೌಂಟರಿನ ಹಿಂದೆ ಕೂತು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೇನೆ — ಏಳುತ್ತೇನೆ, ಮತ್ತೆ ಕೂರುತ್ತೇನೆ. ಬೆಳಗ್ಗೆಯಿಂದ ಇದೇ ಆಗಿದೆ.

ವಿಜಯನಗರದಲ್ಲಿ ಕಾರುಗಳಿಗೆ ಸ್ಪೀಕರ್ ಹಾಕಿಕೊಂಡಿದ್ದ ನನ್ನನ್ನು ಹಿನ್ನೀರಿನ ದೋಣಿಗೆ ಕರೆದವರು ನೀವೇ. ಆಗ ನೀವು ಅಲ್ಲಿ ಪ್ರವಾಸಿಗರ ದೋಣಿ ಓಡಿಸುತ್ತಿದ್ದಿರಿ. ಹಾಡಿನ ಸದ್ದು ಸಾಲದು, ಆಂಪ್ಲಿಫೈಯರ್ ಹಾಕಿಸಬೇಕು ಎಂದು ದೋಣಿಯ ಯಜಮಾನರು ಹೇಳಿದಾಗ, "ನಮ್ಮ ಬಾಮೈದ ಇದಾನೆ ಸಾರ್, ಅವನು ಕೈ ಇಟ್ರೆ ತಗಡಿನ ಡಬ್ಬಾನೂ ಹಾಡುತ್ತೆ" ಅಂದಿರಂತೆ. ಅಕ್ಕ ಈಗಲೂ ಅದನ್ನು ಹೇಳಿಕೊಂಡು ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಕಾರಿನಲ್ಲಿ ನಮ್ಮ ಕೆಲಸ ಸುಲಭ. ಬ್ಯಾಟರಿಯಿಂದ ಒಂದು ದಪ್ಪ ವೈರು ಎಳೆದರಾಯಿತು. ಇನ್ನೊಂದನ್ನು ಕಾರಿನ ಕಬ್ಬಿಣದ ಮೈಗೇ, ಸಿಕ್ಕ ಬೋಲ್ಟಿಗೆ ಬಿಗಿದರೆ ಮುಗಿಯಿತು. ದೋಣಿ ಫೈಬರಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಅಲ್ಲಿ ಆ ಆಟ ನಡೆಯುವುದಿಲ್ಲ. ಎರಡನೆಯ ವೈರನ್ನೂ ಬ್ಯಾಟರಿಯವರೆಗೆ ಎಳೆಯಲೇಬೇಕು. ತಂದಿದ್ದು ಸಾಲಲಿಲ್ಲ. ಅಕ್ಕನ ಮನೆಯಲ್ಲಿ ಮುದ್ದೆ, ಉಪ್ಪುಸಾರು ಕಾಯುತ್ತಿತ್ತು. ದೋಣಿಯ ತಳಕ್ಕೆ ಇಳಿದ ನೀರನ್ನು ಹೊರಹಾಕುವ ಪಂಪಿನ ಸಣ್ಣ ವೈರು ಪಕ್ಕದಲ್ಲೇ ಹಾದುಹೋಗಿತ್ತು. ಅದಕ್ಕೇ ಸೇರಿಸಿ ಟೇಪು ಸುತ್ತಿಬಿಟ್ಟೆ. ಅಷ್ಟು ದೊಡ್ಡ ಆಂಪ್ಲಿಫೈಯರನ್ನು ಅದು ತಾಳುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿತ್ತು ಭಾವ — ಗೊತ್ತಿಲ್ಲದೆ ಮಾಡಿದ್ದರೆ ಮಾತೇ ಬೇರೆ. ಕೈ ತೊಳೆದು ನಿಮ್ಮ ಪಕ್ಕದಲ್ಲೇ ಊಟಕ್ಕೆ ಕೂತೆ.

ಕೆಲವು ದಿನಗಳ ಮೇಲೆ ಒಂದು ಸಂಜೆ ನಿಮ್ಮ ಫೋನು. "ಹಾಡು ನಿಂತೋಯ್ತು ಕಣಪ್ಪ. ಏನೋ ಸುಟ್ಟ ವಾಸ್ನೆ ಬೇರೆ."

"ಬೆಳಗ್ಗೆ ಬಂದು ನೋಡ್ತೀನಿ ಬಿಡಿ ಭಾವ" ಅಂದೆ. ವೈರು ಸುಟ್ಟಿದ್ದರೆ ಪಂಪೂ ನಿಂತಿರುತ್ತದೆ ಎಂಬುದು ಹೊಳೆಯಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಹೊಳೆಯಿತು. ಒಂದು ರಾತ್ರಿಯಲ್ಲಿ ಏನು ಮಹಾ ಆಗುತ್ತದೆ ಅಂದುಕೊಂಡೆ... ರಾತ್ರಿಯೆಲ್ಲ ಮಳೆ ಸುರಿಯಿತು.

ಬೆಳಗ್ಗೆ ನಾನು ಬರುವಷ್ಟರಲ್ಲಿ ದೋಣಿ ಸೀಟಿನವರೆಗೂ ನೀರು ತುಂಬಿಕೊಂಡು ದಡದಲ್ಲಿ ಕೂತಿತ್ತು. ಎಂಜಿನ್ ಹಾಳು. ಯಜಮಾನರು ಕೂಗಾಡುತ್ತಿದ್ದರು. "ಪಂಪ್ ಸ್ವಿಚ್ ಹಾಕೇ ಹೋಗಿದ್ದೆ ಸಾರ್" ಎಂದು ನೀವು ಹೇಳುತ್ತಲೇ ಇದ್ದಿರಿ. ಹಾಕಿಟ್ಟರೆ ನೀರು ಏರಿದಾಗ ತಾನಾಗಿ ಓಡುವ ಪಂಪು ಅದು. ನೋಡಿ ಬರುತ್ತೇನೆಂದು ನಾನೊಬ್ಬನೇ ದೋಣಿಗೆ ಇಳಿದೆ.

ಸ್ವಿಚ್ಚು ಆನ್ ಆಗೇ ಇತ್ತು. ಅದನ್ನು ಈ ಬೆರಳಿನಿಂದಲೇ ಆಫ್ ಮಾಡಿದೆ. ಕಪ್ಪಗಾಗಿದ್ದ ವೈರಿನ ತುಂಡನ್ನು ಕತ್ತರಿಸಿ ನೀರಿಗೆ ಎಸೆದೆ. ಆಮೇಲೆ ದಡಕ್ಕೆ ಕೇಳುವಂತೆ ಕೂಗಿದೆ: "ಸ್ವಿಚ್ ಆಫಲ್ಲೇ ಇದೆ ಸಾರ್!"

ನೀವು ಬಂದು ನೋಡಿದಿರಿ. ನನ್ನ ಮೇಲೆ ಅನುಮಾನಪಟ್ಟಿದ್ದರೆ, ಒಂದು ಮಾತು ಬೈದಿದ್ದರೆ — ಇಲ್ಲ. "ಹಾಗಾದ್ರೆ ನಾನೇ ಮರ್ತಿರ್ಬೇಕು" ಅಂದಿರಿ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಕದಿಯದ ನೀವು ಮುಟ್ಟಿ ನೋಡಿಕೊಂಡಿರಿ. ಉಂಡ ಮನೆಗೆ ಎರಡು ಬಗೆದವನು ನಾನು, ನಿಮ್ಮ ಪಕ್ಕದಲ್ಲೇ ನಿಂತಿದ್ದೆ.

ಕೆಲಸ ಹೋಯಿತು. ದೀಪಾಂಜಲಿ ನಗರದ ಬಾಡಿಗೆ ಮನೆಗೆ ಬಂದಿರಿ, ನಾನು ಅಂಗಡಿಗೆ ಸೇರಿಸಿಕೊಂಡೆ. ಬಾಮೈದ ಅಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳಿದರು. ನಾಚಿಕೆಯಿಲ್ಲದೆ ಹೊಗಳಿಸಿಕೊಂಡೆ.

ಕೆಲಸ ಇನ್ನೊಂದು ಸಿಕ್ಕಿತು ಬಿಡಿ. ನಿಮಗೆ ನಿಮ್ಮ ಮೇಲಿದ್ದ ನಂಬಿಕೆ ಮಾತ್ರ ವಾಪಸ್ ಬರಲಿಲ್ಲ. ಗ್ಯಾಸ್ ಆರಿಸಿದ ಮೇಲೂ ಹೋಗಿ ಹೋಗಿ ನೋಡುತ್ತೀರಂತೆ. ಮೈಮರೆತು ಯಾರಿಗಾದರೂ ಗುದ್ದಿಬಿಟ್ಟರೆ ಎಂದು ಸ್ಕೂಟರ್ ಬಿಟ್ಟು ಮೆಟ್ರೋದಲ್ಲಿ ಬರುತ್ತೀರಿ. ಇವತ್ತು ಬೆಳಗ್ಗೆ ಅಕ್ಕ ಫೋನ್ ಮಾಡಿದ್ದಳು. "ಬಸವೇಶ್ವರನಗರದಲ್ಲಿ ನರದ ಡಾಕ್ಟ್ರು ಇದಾರಂತೆ ಕಣೋ. ನಾಳೆ ಇವರನ್ನ ತೋರಿಸ್ಕೊಂಡು ಬರೋಣ, ನೀನೂ ಬಾ. ಆ ದೋಣಿ ಟೈಮಿಂದಾನೇ ಅಲ್ವಾ ಈ ಮರೆವು ಶುರುವಾಗಿದ್ದು?"

ಡಾಕ್ಟರ ಮುಂದೆ ಅವಳು ಮೊದಲು ಹೇಳುವುದೂ ಅದನ್ನೇ. ನಾನು ಪಕ್ಕದ ಕುರ್ಚಿಯಲ್ಲಿ ತಲೆಯಾಡಿಸಬೇಕು. ನನ್ನ ಸುಳ್ಳಿಗೆ ನೀವು ಮಾತ್ರೆ ನುಂಗಬೇಕೆ ಭಾವ?

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಮೊದಲು ನಿಮಗೆ ಹೇಳುತ್ತೇನೆ, ಆಮೇಲೆ ಅಕ್ಕನಿಗೆ, ಆಮೇಲೆ ಆ ಯಜಮಾನರಿಗೂ. ಸುಟ್ಟ ವೈರು ಹಿನ್ನೀರಿನ ಪಾಲಾಯಿತು. ಸಾಕ್ಷಿಗೆ ಉಳಿದಿರುವುದು ನನ್ನ ಬಾಯಿ ಒಂದೇ. ಅಕ್ಕ ಇನ್ನು ಮೇಲೆ ನನ್ನ ಮುಖ ನೋಡದಿದ್ದರೆ ನೋಡದಿರಲಿ.

ಇನ್ನು ಸ್ವಲ್ಪ ಹೊತ್ತಿಗೆ ನೀವು ಶಟರ್ ಎಳೆಯುತ್ತೀರಿ. ಬೀಗ ಹಾಕಿ ಜಗ್ಗುತ್ತೀರಿ. ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಹೋಗಿ ಜಗ್ಗುತ್ತೀರಿ. ಆಮೇಲೆ ದಿನವೂ ಕೇಳುವಂತೆ, ಸ್ವಲ್ಪ ನಾಚಿಕೊಂಡು, ನನ್ನನ್ನು ಕೇಳುತ್ತೀರಿ: "ಬೀಗ ಹಾಕಿದ್ನಲ್ಲಪ್ಪ?"

ಇವತ್ತು ಪೂರ್ತಿ ಉತ್ತರ ಕೊಡುತ್ತೇನೆ. ಹಾಕಿದ್ರಿ ಭಾವ. ಅವತ್ತು ಪಂಪಿನ ಸ್ವಿಚ್ಚೂ ಹಾಕಿದ್ರಿ.