ಕಡ್ಡಿಹಕ್ಕಿಗಾಗಿ ಹಗ್ಗದ ಎರಡು ತುದಿ

ಇನ್ನೂ ಬೆಳಕು ಹರಿದಿಲ್ಲ. ಊರಿನ ಮೋರಿ ನೀರೆಲ್ಲ ಬಂದು ನಿಲ್ಲುವ ಹೊಂಡಗಳ ನಡುವಿನ ಏರಿಯ ಮೇಲೆ ಅಪ್ಪ, ಮಗಳು ಹಗ್ಗ ಬಿಚ್ಚುತ್ತಿದ್ದಾರೆ. ದಪ್ಪನೆಯ ಹಗ್ಗ, ಇಬ್ಬನಿಗೆ ನೆನೆದು ಇನ್ನಷ್ಟು ಭಾರವಾಗಿದೆ. ಒಂದು ತುದಿಯನ್ನು ಅಪ್ಪ ಸೊಂಟಕ್ಕೆ ಸುತ್ತಿಕೊಳ್ಳುತ್ತಾರೆ. ಇನ್ನೊಂದನ್ನು ಮಗಳು ಹೆಗಲಿಗೆ ಹಾಕಿಕೊಂಡು ಆಚೆ ದಡಕ್ಕೆ ಹೊರಡುತ್ತಾಳೆ. ಅವಳ ಮೈಮೇಲೆ ಅಪ್ಪನ ಹಳೇ ಅಂಗಿ, ಕಾಲಲ್ಲಿ ಮೊಣಕಾಲು ದಾಟುವ ರಬ್ಬರ್ ಬೂಟು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಇದನ್ನೆಲ್ಲ ಕಳಚಿ, ಮಿಂದು, ಎರಡು ಜಡೆ ಹಾಕಿಕೊಂಡು ಬೆಂಚಿನ ಮೇಲೆ ಕೂತಿರಬೇಕು. ಇವತ್ತು ಮೊದಲ ಪೀರಿಯಡ್‌ನಲ್ಲೇ ವಿಜ್ಞಾನದ ಪರೀಕ್ಷೆ.

"ಸ್ವಲ್ಪ ಹೊತ್ತು ಮಾತಾಡ್ಬೇಡಿ ಮೇಡಂ," ಎನ್ನುತ್ತಾರೆ ಅಪ್ಪ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೆ. "ಬೆಳಕಾಗೋ ಮುಂಚೆ ಹಕ್ಕಿ ಒಂದೇ ಸಲ ಕೂಗುತ್ತೆ. ಆಮೇಲೆ ಇಡೀ ದಿನ ತುಟಿ ಪಿಟಿಕ್ ಅನ್ನಲ್ಲ."

ನಾವು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಬಂದೇ ಬಂತು. ಖಾಲಿ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದಂಥ ದನಿ, ಆಳದ್ದು, ಒಂಟಿಯದ್ದು. ಎಡಗಡೆಯಿಂದ ಬಂತೆಂದು ನಾನು ಕೈ ತೋರಿಸುತ್ತೇನೆ. ಮಗಳು ದೂರದಿಂದ ಬಲಕ್ಕೆ ತೋರಿಸುತ್ತಾಳೆ. ಅಪ್ಪ ಯಾವ ಕಡೆಗೂ ತೋರಿಸುವುದಿಲ್ಲ. "ಅದೇ ಅದರ ಮಸಲತ್ತು. ಇದೆ ಅಂತ ಗೊತ್ತಾಗುತ್ತೆ, ಎಲ್ಲಿದೆ ಅಂತ ಗೊತ್ತಾಗಲ್ಲ," ಎಂದು ನೀರಿಗಿಳಿಯುತ್ತಾರೆ.

ಇವರದು ಈ ಹೊಂಡಗಳಲ್ಲಿ ಜೊಂಡು ಕೊಯ್ಯುವ ಕೆಲಸ. ಉದ್ದ ಕಾಲು, ಒಣಕಲು ಮೈ, ತಾಸುಗಟ್ಟಲೆ ನೀರಲ್ಲಿ ನಿಲ್ಲುವ ಅಭ್ಯಾಸ; ಹಾಗಾಗಿ ಜೊತೆಯವರು ಇಟ್ಟ ಹೆಸರು ಕೊಕ್ಕರೆ. ಊರಿನ ಜನ ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಒತ್ತಿ ಮರೆತುಬಿಡುವ ನೀರು ಕೊಳವೆ ಹಿಡಿದು ಇಲ್ಲಿಗೆ ಬರುತ್ತದೆ. ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಯುತ್ತಾ, ತಿಳಿಯಾಗುತ್ತಾ, ಕೊನೆಗೆ ಹೊಳೆ ಸೇರುತ್ತದೆ. ನಡುವೆ ಆಳೆತ್ತರ ಜೊಂಡು ಬೆಳೆಯುತ್ತದೆ. ಅದನ್ನು ಕೊಯ್ಯದೆ ಬಿಟ್ಟರೆ ದಾರಿ ಕಟ್ಟಿ, ನೀರು ಹಿಂದಕ್ಕೆ ಹತ್ತಿ, ನಮ್ಮ ನಿಮ್ಮ ಬಚ್ಚಲಲ್ಲಿ ಮೇಲೆದ್ದು ಬರುತ್ತದೆ. ಹಾಗೆ ಬರದಿರಲು ಈ ಮನುಷ್ಯ ಎದೆಮಟ್ಟದ ಕೊಳಚೆಯಲ್ಲಿ ನಿಂತಿರುವುದೇ ಕಾರಣ. ನಾನು ಮೊದಲ ದಿನ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಬಂದಿದ್ದೆ. "ಮೂಗು ಮುಚ್ಕೊಂಡ್ರೆ ಬಾಯಲ್ಲಿ ಹೋಗುತ್ತೆ ಮೇಡಂ, ಮೂಗೇ ವಾಸಿ," ಎಂದು ನಕ್ಕಿದ್ದರು. ಕರ್ಚೀಫು ಬ್ಯಾಗಿಗೆ ಸೇರಿತು.

ಮನೆ ಪಂಪ್‌ಹೌಸಿಗೆ ಅಂಟಿಕೊಂಡ ಒಂದೇ ಕೋಣೆ. ಮೋಟಾರು ಓಡುತ್ತಿದ್ದರೆ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎನ್ನುತ್ತವೆ. ಮಗಳ ಯೂನಿಫಾರ್ಮ್ ಗೋಡೆಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ತೂಗುತ್ತಿದೆ; ಹೊರಗೆ ಬಿಟ್ಟರೆ ವಾಸನೆ ಹಿಡಿಯುತ್ತದೆ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಾರೆ, ಕತ್ತಲಲ್ಲೇ ಹೊರಟುಹೋಗುತ್ತಾರೆ. "ನಮ್ಮ ಮನೇಲಿ ಎಲ್ಲರಿಗೂ ಬೇರೆಯವರ ಕೊಳೆಯಲ್ಲೇ ಊಟ," ಎಂದು ಆಕೆ ನಿನ್ನೆ ಸಂಜೆ ತಮಾಷೆ ಮಾಡಿದರು. ಆದರೆ ಗಂಡನ ಕಾಲು ತೋರಿಸುವಾಗ ತಮಾಷೆ ಉಳಿಯಲಿಲ್ಲ. ಬೆರಳ ಸಂದಿಗಳು ಬೆಂದು ಬಿಳಿಚಿಕೊಂಡಿವೆ, ಉಗುರುಗಳು ಹೆಚ್ಚೂಕಡಿಮೆ ಹೋಗಿಯೇಬಿಟ್ಟಿವೆ. ಮುಲಾಮು ಹಚ್ಚಿದರೂ ಮರುದಿನ ಮತ್ತೆ ಅದೇ ನೀರು.

ಈಗ ಹಗ್ಗದ ಕತೆ ಹೇಳಬೇಕು. ಜೊಂಡು ಕೊಯ್ಯುವವರು ಎಡಗೈಯಲ್ಲಿ ಒಂದು ಹಿಡಿ ಅಪ್ಪಿ ಹಿಡಿದು, ಬಲಗೈಯ ಕುಡುಗೋಲನ್ನು ನೀರೊಳಗೆ ಇಳಿಸಿ ಒಂದೇ ಎಳೆತಕ್ಕೆ ಕತ್ತರಿಸುತ್ತಾರೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ, ಎಲ್ಲ ಕೈಗೇ ಗೊತ್ತು. ಆ ಜೊಂಡಿನೊಳಗೆ ಅಪರೂಪಕ್ಕೆ ಒಂದು ಹಕ್ಕಿ ಬಂದು ಇಳಿದುಕೊಳ್ಳುತ್ತದೆ. ಒಣಜೊಂಡಿನದೇ ಬಣ್ಣ, ಮೈತುಂಬ ಉದ್ದುದ್ದ ಗೀರು. ಹೆದರಿದರೆ ಬೇರೆ ಹಕ್ಕಿಗಳ ಹಾಗೆ ಹಾರಿ ಹೋಗುವುದಿಲ್ಲ. ಕೊಕ್ಕನ್ನು ಆಕಾಶಕ್ಕೆತ್ತಿ, ಮೈ ಸಣ್ಣ ಮಾಡಿ, ಕಡ್ಡಿಗಳ ನಡುವೆ ಒಂದು ಕಡ್ಡಿಯಾಗಿ ನಿಂತುಬಿಡುತ್ತದೆ. ಗಾಳಿ ಬಂದರೆ ಜೊಂಡಿನ ಜೊತೆ ತಾನೂ ತೂಗುತ್ತದಂತೆ. ಅಪ್ಪ, ಮಗಳು ಅದಕ್ಕಿಟ್ಟ ಹೆಸರು ಕಡ್ಡಿಹಕ್ಕಿ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಇವರು ಎಂದಿನಂತೆ ಒಂದು ಹಿಡಿ ಅಪ್ಪಿ ಹಿಡಿದು ಕುಡುಗೋಲು ಎಳೆದರು.

"ಕೈಯೊಳಗೆ ಬೆಚ್ಚಗಾಯ್ತು ಮೇಡಂ. ಜೊಂಡು ಯಾವತ್ತಾದ್ರೂ ಬೆಚ್ಚಗಿರುತ್ತಾ? ನೋಡ್ತೀನಿ, ಕಡ್ಡಿಗಳ ಮಧ್ಯೆ ಅದನ್ನೂ ಸೇರಿಸಿ ಹಿಡ್ಕೊಂಡಿದೀನಿ. ಕಾಲು ಎರಡೂ ಕೆಳಗೇ ಉಳ್ಕೊಂಡಿದ್ವು. ಆಗಲೂ ಅದು ಕೊಕ್ಕು ಮೇಲಕ್ಕೆ ಎತ್ಕೊಂಡೇ ಇತ್ತು. ಕೂಗಲೂ ಇಲ್ಲ. ನನ್ನ ನಂಬ್ಕೊಂಡು ನಿಂತಿತ್ತೇನೋ ಅನ್ನೋ ಹಾಗೆ."

ಅಂದಿನಿಂದ ಹಗ್ಗ. ಕೊಯ್ಯುವ ಮುಂಚೆ ಇಬ್ಬರು ಎರಡು ತುದಿ ಹಿಡಿದು, ಜೊಂಡಿನ ತಲೆ ಸವರಿಕೊಂಡು ಹೊಂಡದ ಉದ್ದಕ್ಕೂ ಎಳೆಯುತ್ತಾರೆ. ತಲೆಯ ಮೇಲೆ ಹಗ್ಗ ಬಂದರೆ ಎಂಥ ಕಡ್ಡಿಹಕ್ಕಿಯೂ ಒಮ್ಮೆ ರೆಕ್ಕೆ ಬಿಚ್ಚಲೇಬೇಕು. ಎದ್ದ ಜಾಗಕ್ಕೆ ಗೂಟ ನೆಟ್ಟು, ಸುತ್ತ ಅಷ್ಟು ಜೊಂಡು ಬಿಟ್ಟು ಕೊಯ್ಯುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಯಾರೂ ಮಾಡೆಂದೂ ಹೇಳಿಲ್ಲ. ಮೊದಲು ಇನ್ನೊಂದು ತುದಿಗೆ ಜೊತೆಯ ಕೆಲಸದವನೊಬ್ಬ ಬರುತ್ತಿದ್ದ. ಅವನು ಕೆಮ್ಮು ಹಿಡಿದು ಕೆಲಸ ಬಿಟ್ಟ ಮೇಲೆ ಮಗಳೇ ಬಂದು ನಿಂತಳು. ಶಾಲೆಗೆ ಮುಂಚೆ, ನಿದ್ದೆಗಣ್ಣಲ್ಲಿ.

ಈ ವರ್ಷ ಇವರ ಕುಡುಗೋಲಿಗೆ ಕೆಲಸವಿಲ್ಲ. ನೀರಿನ ಮೇಲೆ ತೇಲಿಕೊಂಡು ಜೊಂಡು ಕತ್ತರಿಸಿ ದಡಕ್ಕೆ ಸುರಿಯುವ ಯಂತ್ರವೊಂದು ಬಾಡಿಗೆಗೆ ಬಂದಿದೆ. ಮೂರು ಹೊಂಡ ಮುಗಿಸಿದೆ. ಉಳಿದಿರುವುದು ಇದೊಂದೇ, ಅದಕ್ಕೂ ಇವತ್ತೇ ಪಾಳಿ. ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ಆಗಲೇ ತಗ್ಗಿನ ಓಣಿಗಳ ಮನೆಗಳಲ್ಲಿ ನೀರು ಉಕ್ಕುತ್ತಿದೆ, ಆತನ ಫೋನು ಬಾಯಿ ಮುಚ್ಚುವುದೇ ಇಲ್ಲ. "ಹಕ್ಕಿ ತೋರಿಸು ಕೊಕ್ಕರೆ, ಅಷ್ಟು ಜಾಗ ಬಿಟ್ಟು ಕತ್ತರಿಸ್ತೀವಿ. ಕೂಗು ಕೇಳಿಸ್ತು ಅಂದ್ರೆ ನಾನು ಎಲ್ಲಿ ಅಂತ ಬಿಡ್ಲಿ?" ಎಂದಿದ್ದಾನೆ.

ಹಗ್ಗ ಜೊಂಡಿನ ಮೇಲೆ ಸುಯ್ ಎನ್ನುತ್ತಾ ಸಾಗುತ್ತದೆ. ಹೂತೆನೆಗಳು ಬಾಗಿ, ಮತ್ತೆ ನೆಟ್ಟಗಾಗುತ್ತವೆ. ನಾನು ಏರಿಯ ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ಎರಡು ಸಲ ಜಾರಿ ಬಿದ್ದು, ನಡೆಯುತ್ತೇನೆ. ಒಂದು ನೀರುಕೋಳಿ ದಡಬಡಿಸಿ ಏಳುತ್ತದೆ. ಎರಡು ಗುಬ್ಬಿಗಾತ್ರದ ಹಕ್ಕಿಗಳು ಬೈದುಕೊಂಡು ಹಾರುತ್ತವೆ. ಅಷ್ಟೇ. ಕೊನೆ ಮುಟ್ಟಿ, ಹಗ್ಗವನ್ನು ಇನ್ನೂ ಕೆಳಗಿಳಿಸಿ, ವಾಪಸು ಎಳೆಯುತ್ತಾರೆ. ಮತ್ತೆ ಏನಿಲ್ಲ. ಮೋಡ ಕವಿದ ಬೆಳಗು. ಬೆಳಕಾಯಿತೆಂದು ಹೇಳಲೂ ಆಗದಂಥ ಬೆಳಕು.

"ಸಾಕು ಮಗಳೇ, ಹೊತ್ತಾಯ್ತು," ಎಂದು ಅಪ್ಪ ಕೂಗುತ್ತಾರೆ.

"ಇನ್ನೊಂದ್ಸಲ ಅಪ್ಪಾ. ಅಡ್ಡಕ್ಕೆ ಎಳೆಯೋಣ."

"ಪರೀಕ್ಷೆ ಇದೆಯಲ್ಲೇ."

"ನನಗೆಲ್ಲಾ ಬರುತ್ತೆ. ಎಳಿ ನೀನು!"

ಅಡ್ಡಕ್ಕೂ ಎಳೆಯುತ್ತಾರೆ. ಮಗಳು ಮುಗ್ಗರಿಸಿ ಕತ್ತಿನವರೆಗೆ ಮುಳುಗಿ ಏಳುತ್ತಾಳೆ, ಹಗ್ಗ ಮಾತ್ರ ಬಿಡುವುದಿಲ್ಲ. ಅಷ್ಟರಲ್ಲಿ ಯಂತ್ರ ಏರಿಯ ಮೇಲೆ ಬಂದು ನಿಲ್ಲುತ್ತದೆ. ಸೂಪರ್‌ವೈಸರ್ ಬೈಕಿನಿಂದ ಇಳಿದು, ಒದ್ದೆಯಾಗಿ ನಡುಗುತ್ತಿರುವ ಹುಡುಗಿಯನ್ನು ನೋಡುತ್ತಾನೆ.

"ಕಂಡ್ಯೇನಮ್ಮಾ?"

ಹೂಂ ಅಂದಿದ್ದರೆ ಆತ ನಂಬುತ್ತಿದ್ದ. ನನಗಂತೂ ಹೇಳಿಬಿಡಬಾರದೇ ಎನ್ನಿಸಿತು. ಬೆರಳು ಮಾಡಿ ಒಂದು ಮೂಲೆ ತೋರಿಸಿದ್ದರೆ ಮುಗಿಯುತ್ತಿತ್ತು. ಅವಳು ಅಪ್ಪನ ಮುಖ ನೋಡುತ್ತಾಳೆ. ಅಪ್ಪ ನೀರು ನೋಡುತ್ತಿದ್ದಾರೆ.

"ಇಲ್ಲ ಅಂಕಲ್. ಕಾಣಲಿಲ್ಲ. ಆದ್ರೆ ಇದೆ."

"ಎಲ್ಲಿದೆ?"

"ಗೊತ್ತಿಲ್ಲ. ಸುಮ್ನೆ ಒಂದು ಕಡೆ ಹೇಳಿದ್ರೆ ತಪ್ಪಾಗುತ್ತೆ. ನಾನು ಈ ಕಡೆ ಅಂದು ಅದು ಆ ಕಡೆ ಇದ್ರೆ?"

ಸೂಪರ್‌ವೈಸರ್ ಯಂತ್ರದವನಿಗೆ ಕೈ ಬೀಸುತ್ತಾನೆ. ಮಗಳು ಬೂಟಿನ ನೀರು ಚೆಲ್ಲಿ ಮನೆಯತ್ತ ಓಡುತ್ತಾಳೆ. ಸ್ವಲ್ಪ ಹೊತ್ತಿಗೆ ಒದ್ದೆ ಜಡೆ, ಹೆಗಲ ಚೀಲದೊಂದಿಗೆ ಏರಿಯ ಮೇಲೆ ಹೋಗುವುದು ಕಾಣುತ್ತದೆ. ಅವಳು ತಿರುಗಿ ನೋಡುವುದಿಲ್ಲ. ನಾನು ಬ್ಯಾಗಿನಲ್ಲಿ ಪೆನ್ನು ಹುಡುಕುವ ನಾಟಕ ಮಾಡುತ್ತೇನೆ.

ಯಂತ್ರ ನೀರಿಗಿಳಿದ ಕ್ಷಣದಿಂದ ಕೊಕ್ಕರೆಯಣ್ಣ ಅದರ ಮುಂದೆ ಮುಂದೆ ನಡೆಯುತ್ತಾರೆ, ಎರಡೂ ಕೈಯಲ್ಲಿ ಜೊಂಡು ಬಗೆಯುತ್ತಾ, "ಹೋಗು, ಹೋಗು, ಎದ್ದೇಳು" ಎನ್ನುತ್ತಾ. ಯಂತ್ರದವನು ಬೈಯುತ್ತಾನೆ, ಹಾರ್ನ್ ಹೊಡೆಯುತ್ತಾನೆ. ಆದರೂ ವೇಗ ತಗ್ಗಿಸುತ್ತಾನೆ. ಏನೂ ಏಳುವುದಿಲ್ಲ. ನಾನು ಕಣ್ಣು ಮಿಟುಕಿಸದೆ ನೋಡಿದೆನೆಂದು ಪ್ರಮಾಣ ಮಾಡಲಾರೆ, ಆದರೆ ಯಾವ ಹಕ್ಕಿಯೂ ಹಾರಿದ್ದನ್ನು ನಾವು ಯಾರೂ ಕಾಣಲಿಲ್ಲ. ಮಧ್ಯಾಹ್ನದ ಮುಂಚೆಯೇ ಹೊಂಡ ಬೋಳಾಗುತ್ತದೆ. ದಡದ ಉದ್ದಕ್ಕೂ ಜೊಂಡಿನ ಗುಡ್ಡೆ.

ಮುಗಿಯಿತಲ್ಲ ಎಂದು ನಾನು ಹೊರಡಲು ಎದ್ದೆ. ಅವರಿಗೆ ಮುಗಿದಿರಲಿಲ್ಲ. ಮೊದಲ ಗುಡ್ಡೆಯ ಮುಂದೆ ಮಂಡಿಯೂರಿ, ಒಂದೊಂದೇ ಹಿಡಿ ಎತ್ತಿ, ಕಡ್ಡಿಗಳ ನಡುವೆ ಬೆರಳಾಡಿಸಿ, ಪಕ್ಕಕ್ಕಿಡುತ್ತಾರೆ. ಇನ್ನೊಂದು ಹಿಡಿ. ಮತ್ತೊಂದು. ಅಂಗೈ ಕೊಯ್ದು ರಕ್ತ ಜಿನುಗುತ್ತದೆ, ಒರೆಸಿಕೊಳ್ಳುವುದಿಲ್ಲ. ಸೂಪರ್‌ವೈಸರ್ ಒಮ್ಮೆ ಬಂದು ನೋಡಿ ಹೋಗುತ್ತಾನೆ. ನಾನೂ ಚಪ್ಪಲಿ ಬಿಟ್ಟು ಆ ತುದಿಯ ಗುಡ್ಡೆಗೆ ಕೈಹಾಕುತ್ತೇನೆ. ಸಿಗಬಾರದೆಂದು ಬೇಡಿಕೊಳ್ಳುತ್ತಾ ಹುಡುಕುವ ಕೆಲಸವನ್ನು ನಾನು ಹಿಂದೆಂದೂ ಮಾಡಿರಲಿಲ್ಲ.

"ನಾಳೆಯಿಂದ ಗೇಟಿನ ಹತ್ರ ಕಾವಲು ಕೂರೋ ಕೆಲಸವಂತೆ," ಎನ್ನುತ್ತಾರೆ ನಡುವೆ, ತಲೆ ಎತ್ತದೆ. "ಕಾಲಿಗೆ ಒಳ್ಳೇದೇ. ಕೈ ಏನು ಮಾಡುತ್ತೋ ಗೊತ್ತಿಲ್ಲ."

ಕೊನೆಯ ಹಿಡಿ ಪಕ್ಕಕ್ಕಿಟ್ಟಾಗ ಶಾಲೆ ಬಿಡುವ ಹೊತ್ತು. ಅವರು ಮನೆಗೆ ಹೋಗಿ ಮೀಯುವುದಿಲ್ಲ. ಹಾಗೇ, ಕೆಸರು ಒಣಗಿದ ಮೈಯಲ್ಲೇ ಶಾಲೆಯ ದಾರಿ ಹಿಡಿಯುತ್ತಾರೆ, ನಾನು ಹಿಂದೆ. ಶಾಲೆಯ ಗೇಟಿನ ಬಳಿ ನಿಂತ ತಾಯಂದಿರು ಸರಿದು ಜಾಗ ಬಿಡುತ್ತಾರೆ, ಅಗತ್ಯಕ್ಕಿಂತ ಹೆಚ್ಚೇ. ಮಗಳು ಗೆಳತಿಯರನ್ನು ಬಿಟ್ಟು, ಎಲ್ಲರ ಕಣ್ಣೆದುರೇ ಓಡಿಬಂದು ಅಪ್ಪನ ಅಂಗಿ ಹಿಡಿದುಕೊಳ್ಳುತ್ತಾಳೆ.

"ಸಿಕ್ತಾ ಅಪ್ಪಾ?"

"ನಮಗೆ ಸಿಗಲಿಲ್ಲ ಮಗಳೇ."

ಅವಳು ಹಿಡಿದ ಅಂಗಿ ಬಿಡುವುದಿಲ್ಲ. "ಮೆಷಿನ್‌ಗೆ?"

"ಅದಕ್ಕೂ ಸಿಗಲಿಲ್ಲ," ಎಂದರು ಅವರು, ಎರಡೂ ಅಂಗೈ ಬಿಚ್ಚಿ ತೋರಿಸುತ್ತಾ. "ಒಂದು ಕಡ್ಡೀನೂ ಬಿಡದ ಹಾಗೆ ನೋಡಿದೀನಿ."